ಊರಿನ ಸೈಟು, ಲಾಕರಿನ ಒಡವೆ: ಅಮೆರಿಕದಲ್ಲಿ ದಿವಾಳಿ ಅರ್ಜಿಯ ಆಸ್ತಿ ಪಟ್ಟಿ ಬರೆಯುವ ಬಗೆ

ಅಮೆರಿಕದಲ್ಲಿ ಸಾಲ ತೀರಿಸಲಾಗದೆ ದಿವಾಳಿ ಅರ್ಜಿ ಹಾಕುವವರು ತುಂಬಬೇಕಾದ ನಮೂನೆಗಳಲ್ಲಿ 106ಎ/ಬಿ ಎಂಬುದೊಂದಿದೆ. ನಿಮ್ಮ ಬಳಿ ಏನೇನಿದೆ, ಅದರ ಈಗಿನ ಬೆಲೆಯೆಷ್ಟು ಎಂಬ ಎರಡೇ ಪ್ರಶ್ನೆಗಳನ್ನು ಅದು ಹತ್ತಾರು ಬಗೆಯಲ್ಲಿ ಕೇಳುತ್ತದೆ. ಮನೆ, ಕಾರು ಮುಗಿದ ಮೇಲೆ ಸೋಫಾ, ಪಾತ್ರೆಪಗಡೆ, ಟಿವಿ, ಫೋನು, ಉಡುವ ಬಟ್ಟೆ, ಒಡವೆ, ಸಾಕಿದ ನಾಯಿ, ಕೊನೆಗೆ ಪರ್ಸಿನಲ್ಲಿ ಉಳಿದಿರುವ ನೋಟುಗಳವರೆಗೂ ಬರುತ್ತದೆ. ಕೆಲಸ ಹೋಗಿ ಕ್ರೆಡಿಟ್ ಕಾರ್ಡಿನಲ್ಲಿ ಸಂಸಾರ ನಡೆಸಿದವರು, ಆಸ್ಪತ್ರೆಯ ಬಿಲ್ಲಿನಡಿ ಸಿಕ್ಕಿಕೊಂಡವರು, ಸಣ್ಣ ವ್ಯಾಪಾರ ಮಾಡಿ ಕೈಸುಟ್ಟುಕೊಂಡವರು ಈ ಹಾಳೆಯ ಮುಂದೆ ಕೂತಾಗ ಮನಸ್ಸಿಗೆ ಬರುವ ಮೊದಲ ಯೋಚನೆ ಒಂದೇ: ಬರೆದದ್ದನ್ನೆಲ್ಲ ಕಿತ್ತುಕೊಂಡು ಹೋಗುತ್ತಾರೆ. ಅದರ ಬೆನ್ನಿಗೇ ಎರಡನೆಯದು ಬರುತ್ತದೆ: ಊರಿನಲ್ಲಿರುವುದು ಇವರಿಗೆ ಹೇಗೆ ಗೊತ್ತಾದೀತು?

ಎರಡೂ ತಪ್ಪು. ಅಲ್ಲಿನ ಕಾನೂನು ನಡೆಯುವುದು ಈ ಎಣಿಕೆಗೆ ನೇರ ಉಲ್ಟಾ. ಪಟ್ಟಿಯಲ್ಲಿ ಬರೆದ ಸಾಮಾನು ಬಹುಮಟ್ಟಿಗೆ ಮನೆಯಲ್ಲೇ ಉಳಿಯುತ್ತದೆ. ಬರೆಯದೆ ಬಿಟ್ಟದ್ದೇ ಕೈಬಿಡುವುದು, ಅದರ ಜೊತೆಗೆ ಸಾಲಮನ್ನಾವೂ ಹೋಗಬಹುದು. ಕನ್ನಡಿಗ ಕುಟುಂಬಗಳಿಗೆ ಈ ಮಾತು ಇನ್ನೂ ಮುಖ್ಯ. ನಮ್ಮವರ ಆಸ್ತಿ ಅಲ್ಲಿನ ಮನೆಯ ನಾಲ್ಕು ಗೋಡೆಯೊಳಗೆ ಮುಗಿಯುವುದಿಲ್ಲ. ಮೈಸೂರಿನಲ್ಲೊಂದು ಸೈಟು, ತಾಯಿಯ ಲಾಕರಿನಲ್ಲಿ ಬಳೆ, ಅಣ್ಣತಮ್ಮಂದಿರೊಡನೆ ಭಾಗವಾಗದ ಜಮೀನು, ಎಲ್‌ಐಸಿ ಪಾಲಿಸಿ, ಹೀಗೆ ಹರಡಿಕೊಂಡಿರುತ್ತದೆ.

ಮೊದಲು ವ್ಯವಸ್ಥೆ ಏನೆಂದು ಚುಟುಕಾಗಿ ನೋಡೋಣ. ವ್ಯಕ್ತಿಗಳು ಹೆಚ್ಚಾಗಿ ಹಾಕುವುದು ಚಾಪ್ಟರ್ 7 ಅಥವಾ ಚಾಪ್ಟರ್ 13ರ ಅರ್ಜಿ. ಚಾಪ್ಟರ್ 7ರಲ್ಲಿ ಟ್ರಸ್ಟಿಯೊಬ್ಬರು ನೇಮಕವಾಗುತ್ತಾರೆ. ವಿನಾಯಿತಿಗೆ ಒಳಪಡದ ಆಸ್ತಿಯಿದ್ದರೆ ಮಾರಿ, ಬಂದ ಹಣವನ್ನು ಸಾಲ ಕೊಟ್ಟವರಿಗೆ ಹಂಚುತ್ತಾರೆ. ಮನ್ನಾ ಆಗಬಹುದಾದ ಸಾಲಗಳು ಸಾಮಾನ್ಯವಾಗಿ ನಾಲ್ಕು ತಿಂಗಳ ಆಸುಪಾಸಿನಲ್ಲಿ ಮನ್ನಾ ಆಗುತ್ತವೆ. ಚಾಪ್ಟರ್ 13ರಲ್ಲಿ ಆಸ್ತಿ ಇಟ್ಟುಕೊಂಡು ಮೂರರಿಂದ ಐದು ವರ್ಷ ಕಂತು ಕಟ್ಟಬೇಕು. ಆದರೆ ಚಾಪ್ಟರ್ 7 ಆಗಿದ್ದರೆ ಸಾಲಿಗರಿಗೆ ಎಷ್ಟು ಸಿಗುತ್ತಿತ್ತೋ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಅಂದರೆ ಬೆಲೆ ಕಟ್ಟುವ ಕೆಲಸ ಎರಡರಲ್ಲೂ ತಪ್ಪಿದ್ದಲ್ಲ. ಅರ್ಜಿ ಹಾಕಲು ಅಮೆರಿಕದ ಪ್ರಜೆಯೇ ಆಗಿರಬೇಕೆಂದಿಲ್ಲ. ಎಚ್-1ಬಿ ವೀಸಾದಲ್ಲಿ ಅಲ್ಲಿ ವಾಸವಾಗಿರುವವರೂ ಹಾಕಬಹುದು.

ವ್ಯಕ್ತಿಗಳ ಚಾಪ್ಟರ್ 7 ಅರ್ಜಿಗಳಲ್ಲಿ ಬಹುಪಾಲು ಟ್ರಸ್ಟಿಗೆ ಮಾರಲು ಏನೂ ಸಿಗದೆಯೇ ಮುಗಿಯುತ್ತವೆ. ಕಾರಣ ವಿನಾಯಿತಿ, ಅಂದರೆ ನೀವು ಉಳಿಸಿಕೊಳ್ಳಲು ಕಾನೂನು ಬಿಟ್ಟುಕೊಡುವ ಮೊತ್ತ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಸರ್ಕಾರದ ಪಟ್ಟಿಯ ಪ್ರಕಾರ ಕಾರಿಗೆ 5,025 ಡಾಲರ್, ಗೃಹೋಪಯೋಗಿ ಸಾಮಾನು ಮತ್ತು ಬಟ್ಟೆಬರೆಗೆ ಒಂದೊಂದು ವಸ್ತುವಿಗೆ 800ರಂತೆ ಒಟ್ಟು 16,850, ಒಡವೆಗೆ 2,125, ಕಸುಬಿನ ಉಪಕರಣಕ್ಕೆ 3,175, ವಾಸದ ಮನೆಯಲ್ಲಿನ ನಿಮ್ಮ ಪಾಲಿಗೆ 31,575 ಡಾಲರ್. ಇವಲ್ಲದೆ ಯಾವುದಕ್ಕೆ ಬೇಕಾದರೂ ಸೇರಿಸಿಕೊಳ್ಳಬಹುದಾದ 1,675 ಡಾಲರ್ ಇದೆ. ಮನೆಯ ವಿನಾಯಿತಿಯನ್ನು ಬಳಸದಿದ್ದರೆ ಅದರಲ್ಲಿ 15,800ರವರೆಗೆ ಇದಕ್ಕೆ ಕೂಡುತ್ತದೆ. ಗಂಡ ಹೆಂಡತಿ ಜಂಟಿಯಾಗಿ ಅರ್ಜಿ ಹಾಕಿದರೆ ಇವೆಲ್ಲ ಇಬ್ಬರಿಗೂ ಬೇರೆಬೇರೆಯಾಗಿ ಸಿಗುತ್ತವೆ. ಈ ಮೊತ್ತಗಳು ಮೂರು ವರ್ಷಕ್ಕೊಮ್ಮೆ ಬದಲಾಗುತ್ತವೆ.

ಆದರೆ ಈ ಪಟ್ಟಿ ಎಲ್ಲ ರಾಜ್ಯಗಳಲ್ಲೂ ನಡೆಯುವುದಿಲ್ಲ. ನ್ಯೂಜೆರ್ಸಿ, ಟೆಕ್ಸಸ್, ಮಿಷಿಗನ್, ವಾಷಿಂಗ್ಟನ್ ರಾಜ್ಯಗಳಲ್ಲಿ ಕೇಂದ್ರದ್ದನ್ನೋ ರಾಜ್ಯದ್ದನ್ನೋ ಆರಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾ, ಇಲಿನಾಯ್, ಜಾರ್ಜಿಯಾ, ವರ್ಜೀನಿಯಾದಲ್ಲಿ ರಾಜ್ಯದ ಪಟ್ಟಿಯೇ ಗತಿ. ಕಳೆದ ಎರಡು ವರ್ಷಗಳಲ್ಲಿ ರಾಜ್ಯ ಬದಲಿಸಿದ್ದರೆ ಹಳೆಯ ರಾಜ್ಯದ ಪಟ್ಟಿ ಅನ್ವಯವಾಗಬಹುದು. ಇದನ್ನು ವಕೀಲರ ಹತ್ತಿರ ಕೇಳಿಯೇ ತೀರ್ಮಾನಿಸಬೇಕು.

ಮನೆಸಾಮಾನಿನ ಬೆಲೆ

ಬೆಲೆ ಎಂದರೆ ನೀವು ಕೊಟ್ಟ ಹಣವಲ್ಲ, ಇನ್ಶೂರೆನ್ಸ್ ಕಾಗದದಲ್ಲಿ ಬರೆದ ಮೊತ್ತವೂ ಅಲ್ಲ. ಅರ್ಜಿ ಹಾಕುವ ದಿನ, ಇರುವ ಸ್ಥಿತಿಯಲ್ಲಿ, ಅವಸರವಿಲ್ಲದೆ ಮಾರಿದರೆ ಕೊಳ್ಳುವವರು ಎಷ್ಟು ಕೊಟ್ಟಾರು ಎಂಬುದೇ ಬೆಲೆ. ಆರು ವರ್ಷ ಮಕ್ಕಳು ಕುಣಿದ ಸೋಫಾಕ್ಕೆ 1,400 ಡಾಲರ್ ಕೊಟ್ಟಿದ್ದಿರಬಹುದು, ಇವತ್ತು ಯಾರಾದರೂ 80 ಡಾಲರಿಗೆ ಎತ್ತಿಕೊಂಡು ಹೋದರೆ ಅದರ ಬೆಲೆ 80. ಹಳೆಯ ಸಾಮಾನಿನ ದರ ತಿಳಿಯಲು ಇಬೇಯಲ್ಲಿ ನಿಜವಾಗಿ ಮಾರಾಟವಾದ ದರ ನೋಡಿ. ಮಾರಲು ಇಟ್ಟವರು ಕೇಳುವ ದರಕ್ಕೂ ಅದಕ್ಕೂ ಬಹಳ ಅಂತರವಿರುತ್ತದೆ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿನ ದರಗಳು ಕೇಳುವ ದರಗಳೇ, ಅಂದಾಜಿಗಷ್ಟೇ ಸಾಕು. ಕಾರಿಗೆ, ಹಳೆಯ ಕಾರುಗಳ ದರ ಹೇಳುವ ಕೆಲಿ ಬ್ಲೂ ಬುಕ್ ತಾಣದಲ್ಲಿ ಓಡಿದ ಮೈಲಿ, ಆದ ಏಟು ಎಲ್ಲವನ್ನೂ ಇದ್ದಂತೆ ಹಾಕಿ ಬಂದ ಪುಟವನ್ನು ಮುದ್ರಿಸಿಟ್ಟುಕೊಳ್ಳಿ.

ಕೆಲಸ ಸುಲಭವಾಗಬೇಕಾದರೆ ಫೋನು ಹಿಡಿದು ಕೋಣೆಯಿಂದ ಕೋಣೆಗೆ ಹೋಗಿ ಫೋಟೋ ತೆಗೆಯುತ್ತ ಬರೆಯಿರಿ. ಕೂತಲ್ಲೇ ನೆನಪಿನಿಂದ ಬರೆದರೆ ಗ್ಯಾರೇಜು, ಬಾಡಿಗೆಯ ಸ್ಟೋರೇಜ್ ಕೋಣೆ, ಗೆಳೆಯರ ಮನೆಯಲ್ಲಿಟ್ಟ ಪೆಟ್ಟಿಗೆ ತಪ್ಪಿಹೋಗುತ್ತವೆ. ಅಡುಗೆಮನೆಯ ಸ್ಟೀಲ್ ಪಾತ್ರೆ, ಕುಕ್ಕರ್, ಗ್ರೈಂಡರುಗಳನ್ನು ಒಂದೊಂದಾಗಿ ಎಣಿಸಬೇಕಿಲ್ಲ, ಒಟ್ಟಾಗಿ ಒಂದು ಸಾಲು ಸಾಕು. ದೇವರಮನೆಯ ಬೆಳ್ಳಿ ಹಾಗಲ್ಲ. ದೀಪದ ಕಂಬ, ಪಂಚಪಾತ್ರೆ, ಆರತಿ ತಟ್ಟೆಗಳನ್ನು ತೂಗಿ ಬರೆಯಬೇಕು. ಮಗಳ ವೀಣೆ, ಕೀಬೋರ್ಡು ಹವ್ಯಾಸದ ಸಾಮಾನಿನ ಕೆಳಗೆ ಬರುತ್ತವೆ. ರೇಷ್ಮೆ ಸೀರೆಗಳು ಬಟ್ಟೆಯ ಲೆಕ್ಕ. ಅಲ್ಲಿ ಉಟ್ಟ ಸೀರೆ ಕೊಳ್ಳುವವರು ಕಡಿಮೆಯಾದ್ದರಿಂದ ಬೆಲೆಯೂ ಕಡಿಮೆ, ಆದರೆ ಅಸಲಿ ಜರಿಯ ಸೀರೆ ಹತ್ತಾರು ಇದ್ದರೆ ಬೇರೆ ಸಾಲಿನಲ್ಲಿ ತೋರಿಸುವುದು ಒಳ್ಳೆಯದು. ಬೆಲೆಬಾಳುವ ವಸ್ತುವನ್ನು 'ಇತರೆ' ಎಂಬ ರಾಶಿಯೊಳಗೆ ತೂರಿಸಬೇಡಿ. ಟ್ರಸ್ಟಿಗೆ ಅನುಮಾನ ಹುಟ್ಟುವುದೇ ಅಲ್ಲಿ.

ಬೆಲೆ ಕಡಿಮೆ ಹಾಕಿ ವಿನಾಯಿತಿಯ ಮಿತಿಯೊಳಗೆ ಕೂರಿಸಿದರೆ ವಸ್ತು ಉಳಿಯುತ್ತದೆಂಬ ಲೆಕ್ಕಾಚಾರ ಹಲವರಲ್ಲಿದೆ. 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶ್ವಾಬ್ ವಿರುದ್ಧ ರೈಲಿ ಪ್ರಕರಣದಲ್ಲಿ ಇದನ್ನು ತೀರ್ಮಾನಿಸಿತು. ಒಬ್ಬರೇ ಕೇಟರಿಂಗ್ ನಡೆಸುತ್ತಿದ್ದ ಮಹಿಳೆಯೊಬ್ಬರು ಪೆನ್ಸಿಲ್ವೇನಿಯಾದಲ್ಲಿ ಅರ್ಜಿ ಹಾಕಿದ್ದರು. ಅಡುಗೆ ಕಲಿಯುತ್ತಿದ್ದಾಗ ತಂದೆತಾಯಿ ಕೊಡಿಸಿದ್ದ ಉಪಕರಣಗಳ ಬೆಲೆ 10,718 ಡಾಲರ್ ಎಂದು ಬರೆದು ಅಷ್ಟಕ್ಕೂ ವಿನಾಯಿತಿ ಕೇಳಿದ್ದರು. ಬೆಲೆ ಕಟ್ಟುವವರು ಹೇಳಿದ್ದು 17,200. ನಿಗದಿತ ಅವಧಿಯಲ್ಲಿ ಟ್ರಸ್ಟಿ ಆಕ್ಷೇಪ ಎತ್ತದ ಕಾರಣ ಇಡೀ ಉಪಕರಣ ತನ್ನದೇ ಎಂಬುದು ಆಕೆಯ ವಾದ. ನ್ಯಾಯಾಲಯ ಒಪ್ಪಲಿಲ್ಲ. ವಿನಾಯಿತಿ ಸಿಗುವುದು ಬರೆದ ಮೊತ್ತಕ್ಕೇ ಹೊರತು ವಸ್ತುವಿಗಲ್ಲ, ಟ್ರಸ್ಟಿ ಅದನ್ನು ಮಾರಿ ಆ ಮೊತ್ತವನ್ನು ಆಕೆಗೆ ಕೊಟ್ಟು ಉಳಿದದ್ದನ್ನು ಸಾಲಿಗರಿಗೆ ಹಂಚಬಹುದು ಎಂದಿತು. ಆಕೆ ಮೋಸ ಮಾಡಿದ್ದರೆಂದು ಯಾರೂ ಹೇಳಲಿಲ್ಲ. ಪ್ರಾಮಾಣಿಕರಿಗೂ ಬೆಲೆ ತಪ್ಪಿದರೆ ಇಷ್ಟು ದೂರ ಹೋಗುತ್ತದೆ. ನಿಮಗೆ ಪ್ರಾಣಪ್ರಿಯವಾದ ವಸ್ತುವಿದ್ದರೆ ಅರ್ಜಿಗೆ ಮೊದಲೇ ತಿಳಿದವರಿಂದ ಬೆಲೆ ಕಟ್ಟಿಸಿ, ಅದರ ಮೇಲೆ ವಿನಾಯಿತಿ ಹೇಗೆ ಹೊಂದಿಸಬೇಕೆಂದು ಯೋಚಿಸಬೇಕು.

ಚಿನ್ನ

ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆಗಳ ಜೊತೆಗೆ ಧಾರ್ಮಿಕ ಪದ್ಧತಿಯಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಲಾಗದ ಒಡವೆಯನ್ನೂ ಜಪ್ತಿಯಿಂದ ಹೊರಗಿಟ್ಟಿದೆ. ಅಮೆರಿಕದ ಕೇಂದ್ರ ಪಟ್ಟಿಯಲ್ಲಿ ಅಂಥ ಮಾತಿಲ್ಲ. ಅಲ್ಲಿ ಮಾಂಗಲ್ಯ ಸರವೂ ಒಡವೆ, ಅದಕ್ಕೂ ಡಾಲರ್ ಲೆಕ್ಕ.

ಲೆಕ್ಕ ಹೀಗೆ. ಕಲ್ಲು, ಅರಗು, ಕರಿಮಣಿಯ ತೂಕ ಕಳೆದು ಬರೀ ಚಿನ್ನದ ತೂಕ ತೆಗೆಯಿರಿ. 22 ಕ್ಯಾರೆಟ್ ಆದರೆ 0.916ರಿಂದ ಗುಣಿಸಿ, ಆ ದಿನದ ಅಪರಂಜಿ ದರ ಹಾಕಿ. ಅಂಗಡಿಯಲ್ಲಿ ಕೊಟ್ಟ ಮಜೂರಿ, ವೇಸ್ಟೇಜು ಮಾರುವಾಗ ವಾಪಸು ಬರುವುದಿಲ್ಲವಾದ್ದರಿಂದ ಅವನ್ನು ಸೇರಿಸಬೇಕಿಲ್ಲ. ಗ್ರಾಮಿಗೆ 100 ಡಾಲರ್ ಎಂದೇ ಇಟ್ಟುಕೊಂಡರೂ 40 ಗ್ರಾಮಿನ ಸರ 3,664 ಡಾಲರ್ ಆಗುತ್ತದೆ. ಒಡವೆಯ ವಿನಾಯಿತಿ 2,125 ಕಳೆದರೆ 1,539 ಉಳಿಯಿತು. ಎಲ್ಲಕ್ಕೂ ಸಲ್ಲುವ 1,675ರ ವಿನಾಯಿತಿಯೊಳಗೆ ಅದೂ ಸೇರಿಹೋಯಿತು. ಸರ ಕೊರಳಲ್ಲೇ ಉಳಿಯಿತು, ಅದೂ ಕಾನೂನಿನ ಪ್ರಕಾರ, ಯಾರಿಗೂ ಹೆದರದೆ. ದರ ಏರಿದರೆ ಲೆಕ್ಕವೂ ಏರುವುದರಿಂದ ಅರ್ಜಿಯ ದಿನದ ದರವನ್ನೇ ಹಾಕಬೇಕು. ವಿನಾಯಿತಿ ಸಾಲದಷ್ಟು ಚಿನ್ನವಿದ್ದರೂ ದಾರಿ ಮುಚ್ಚುವುದಿಲ್ಲ. ಮಿಕ್ಕ ಮೊತ್ತವನ್ನು ಟ್ರಸ್ಟಿಗೆ ಕಟ್ಟಿ ಒಡವೆ ಉಳಿಸಿಕೊಳ್ಳುವ ಒಪ್ಪಂದ ಅಲ್ಲಿ ನಡೆದುಬಂದ ಪದ್ಧತಿ. ಚಾಪ್ಟರ್ 13 ಇನ್ನೊಂದು ದಾರಿ.

ಒಡವೆ ಯಾರದು ಎಂಬುದು ಇದಕ್ಕಿಂತ ತೊಡಕಿನ ಪ್ರಶ್ನೆ. ಗಂಡ ಒಬ್ಬನೇ ಅರ್ಜಿ ಹಾಕಿದಾಗ ಮದುವೆಯಲ್ಲಿ ತವರಿನವರು ಹೆಂಡತಿಗೆ ಹಾಕಿದ ಚಿನ್ನ ಆಕೆಯದೇ. ಆದರೆ ಕ್ಯಾಲಿಫೋರ್ನಿಯಾ, ಟೆಕ್ಸಸ್, ವಾಷಿಂಗ್ಟನ್, ಅರಿಜೋನಾದಂಥ ರಾಜ್ಯಗಳಲ್ಲಿ ಮದುವೆಯ ನಂತರ ಸಂಬಳದಲ್ಲಿ ಕೊಂಡದ್ದು ಸಾಮಾನ್ಯವಾಗಿ ದಂಪತಿಗಳ ಒಟ್ಟು ಆಸ್ತಿ, ಒಬ್ಬರೇ ಅರ್ಜಿ ಹಾಕಿದರೂ ಅದು ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಯಾವುದು ತವರಿನದು, ಯಾವುದು ಆಮೇಲೆ ಕೊಂಡದ್ದು ಎಂದು ಬೇರೆ ಮಾಡಿ, ಮದುವೆಯ ಫೋಟೋ, ಹಳೆಯ ರಸೀದಿ ಜೋಡಿಸಿಟ್ಟುಕೊಳ್ಳಬೇಕು. ಅತ್ತೆಯವರು ಬಂದಾಗ ಬಿಟ್ಟುಹೋದ ಬಳೆ ನಿಮ್ಮ ಬೀರುವಿನಲ್ಲಿದ್ದರೆ, ಅರ್ಜಿಯ ಜೊತೆ ತುಂಬಬೇಕಾದ 107ನೇ ನಮೂನೆಯಲ್ಲಿ ಬೇರೆಯವರಿಗಾಗಿ ಇಟ್ಟುಕೊಂಡ ವಸ್ತು ಎಂಬ ಜಾಗವಿದೆ, ಅಲ್ಲಿ ಬರೆಯಿರಿ. ಶಿವಮೊಗ್ಗದ ಲಾಕರಿನಲ್ಲಿ ತಾಯಿ ಕಾಪಾಡುತ್ತಿರುವ ನಿಮ್ಮ ಒಡವೆ ಮಾತ್ರ ನಿಮ್ಮದೇ, ನಿಮ್ಮ ಪಟ್ಟಿಗೇ ಸೇರಬೇಕು.

ಊರಿನ ಆಸ್ತಿ

ಅಲ್ಲಿನ ದಿವಾಳಿ ಕಾನೂನಿನ 541ನೇ ಕಲಮು ಹೇಳುವುದು ಸ್ಪಷ್ಟ: ಆಸ್ತಿ ಎಲ್ಲಿದ್ದರೂ, ಯಾರ ಕೈಯಲ್ಲಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ನಿಮ್ಮ ಹೆಸರಿನ ಸೈಟು, ಬೆಂಗಳೂರಿನಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿಗೆ ಕೊಟ್ಟ ಮುಂಗಡ, ಎನ್‌ಆರ್‌ಇ ಮತ್ತು ಎನ್‌ಆರ್‌ಒ ಖಾತೆ, ಎಫ್‌ಡಿ, ಪಿಪಿಎಫ್, ಎಲ್‌ಐಸಿ ಪಾಲಿಸಿಯ ಸರೆಂಡರ್ ಮೌಲ್ಯ, ಗೆಳೆಯರೊಡನೆ ಹಾಕಿದ ಚೀಟಿಯಿಂದ ಬರಬೇಕಾದ ಹಣ, ಸ್ನೇಹಿತನಿಗೆ ಕೊಟ್ಟ ಕೈಸಾಲ, ಇವೆಲ್ಲವೂ. ಅಪ್ಪನ ಖಾತೆಗೆ ಅನುಕೂಲಕ್ಕೆಂದು ನಿಮ್ಮ ಹೆಸರು ಸೇರಿಸಿದ್ದರೆ ಖಾತೆಯನ್ನು ಬರೆದು, ಹಣ ಅಪ್ಪನ ಪಿಂಚಣಿಯದು ಎಂದು ಪಕ್ಕದಲ್ಲೇ ವಿವರಿಸಿ, ಪಾಸ್‌ಬುಕ್ಕಿನ ಪ್ರತಿ ಇಟ್ಟುಕೊಳ್ಳಿ.

ಪಿತ್ರಾರ್ಜಿತ ಜಮೀನಿನ ವಿಷಯದಲ್ಲಿ ನಮ್ಮವರು ಹೆಚ್ಚು ಎಡವುತ್ತಾರೆ, ಮೋಸದಿಂದಲ್ಲ, ತಿಳಿಯದೆ. ಅವಿಭಕ್ತ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಪಹಣಿಯಲ್ಲಿ ಅಪ್ಪನ ಹೆಸರೇ ಇದ್ದರೂ, ಭಾಗ ಆಗದಿದ್ದರೂ ನಿಮಗೊಂದು ಪಾಲಿದೆ. ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಈ ಹಕ್ಕು ಕೊಟ್ಟಿತು, 2005ರಲ್ಲಿ ಇಡೀ ದೇಶಕ್ಕೆ ಬಂತು, ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಹಕ್ಕು ಉಂಟೆಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು. 'ಮದುವೆಯಾಗಿ ಬಂದವಳು, ನನಗೇನಿದೆ' ಎಂದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕೂತು ಖಾಲಿ ಬಿಡುವ ಮಗಳು ನಿಜಕ್ಕೂ ಇರುವ ಆಸ್ತಿಯನ್ನು ಬಿಟ್ಟಂತಾಗುತ್ತದೆ. ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ ಬೇರೆ. ಅವರು ಬದುಕಿರುವವರೆಗೆ ಅದು ಅವರದೇ, ಮುಂದೊಂದು ದಿನ ಬರಬಹುದೆಂಬ ನಿರೀಕ್ಷೆ ಆಸ್ತಿಯಲ್ಲ. ಆದರೆ ನೀವು ಅರ್ಜಿ ಹಾಕಿದ 180 ದಿನಗಳೊಳಗೆ ಅವರು ತೀರಿಕೊಂಡು ನಿಮಗೆ ಪಾಲು ಬಂದರೆ ಆಗ ಅದನ್ನು ನ್ಯಾಯಾಲಯಕ್ಕೆ ತಿಳಿಸಲೇಬೇಕು.

ಇದರ ಬೆಲೆ ಕಟ್ಟುವುದು ದೂರದಿಂದಲೂ ಆಗುವ ಕೆಲಸ. ಭೂಮಿ ತಂತ್ರಾಂಶದಿಂದ ಪಹಣಿ, ನೋಂದಣಿ ಇಲಾಖೆಯ ಕಾವೇರಿ ತಾಣದಿಂದ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಯಬಹುದು. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಸಿಗುತ್ತದೆ, ಆದರೆ ಹಲವು ಕಡೆ ನಿಜವಾದ ಪೇಟೆಬೆಲೆ ಅದಕ್ಕಿಂತ ಮೇಲಿರುವುದರಿಂದ ಅದನ್ನೇ ಬೆಲೆಯೆಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಅಕ್ಕಪಕ್ಕದಲ್ಲಿ ಇತ್ತೀಚೆಗೆ ನಡೆದ ಮಾರಾಟ ವಿಚಾರಿಸಿ, ಊರಿನ ಮೌಲ್ಯಮಾಪಕರಿಂದ ಒಂದು ಪತ್ರ ಬರೆಸಿಕೊಳ್ಳಿ. ಭಾಗವಾಗದ ಪಾಲನ್ನು ಹೊರಗಿನವರು ಕೊಳ್ಳಲು ಹಿಂಜರಿಯುತ್ತಾರೆ, ಹಾಗಾಗಿ ಒಟ್ಟು ಬೆಲೆಯನ್ನು ತಲೆಯೆಣಿಸಿ ಭಾಗಿಸಿದ್ದಕ್ಕಿಂತ ನಿಮ್ಮ ಪಾಲಿನ ಬೆಲೆ ಕಡಿಮೆಯಿರುವುದು ಸಹಜ. ಎಷ್ಟು ಕಡಿಮೆ, ಯಾಕೆ ಎಂಬುದನ್ನು ಮಾತ್ರ ಬರವಣಿಗೆಯಲ್ಲಿ ಇಡಬೇಕು. ಅರ್ಜಿಯ ದಿನದ ವಿನಿಮಯ ದರದಲ್ಲಿ ಡಾಲರಿಗೆ ಪರಿವರ್ತಿಸಿ. ನಿಜವಾಗಿಯೂ ಬೆಲೆ ಗೊತ್ತಾಗದಿದ್ದರೆ 'ತಿಳಿಯದು' ಎಂದು ಬರೆದು ಕಾರಣ ಕೊಡಬಹುದು. ಸೊನ್ನೆ ಹಾಕಬೇಡಿ. ಮಸಾಚುಸೆಟ್ಸಿನ ಮರಾಮಾ ಎಂಬವರು ಬೇರೆ ರಾಜ್ಯದಲ್ಲಿದ್ದ ಮನೆಯನ್ನು ಒಂದು ಟ್ರಸ್ಟ್‌ನ ಹೆಸರಿಗೆ ಮಾಡಿ, ಅದರಲ್ಲಿ ತಮ್ಮ ಪಾಲಿನ ಬೆಲೆ ಸೊನ್ನೆ ಎಂದು ತೋರಿಸಿದ್ದರು. ಬಯಲಾದಾಗ ಚಾಪ್ಟರ್ 13ಕ್ಕೆ ಬದಲಾಯಿಸಿಕೊಳ್ಳುತ್ತೇನೆಂದರು. ಆ ದಾರಿಯೂ ಅವರಿಗಿಲ್ಲವೆಂದು 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಅಮೆರಿಕದ ಟ್ರಸ್ಟಿ ಹಾಸನಕ್ಕೆ ಬಂದು ಜಮೀನು ಹರಾಜು ಹಾಕಲಾರರು ಎಂಬ ಧೈರ್ಯ ಕೊಡುವವರು ಇರುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ, ವಿದೇಶದ ಆಸ್ತಿ ಮಾರಿಸುವುದು ಅವರಿಗೆ ಸುಲಭವಲ್ಲ. ಆದರೆ ನ್ಯಾಯಾಲಯದ ಹಿಡಿತವಿರುವುದು ಅರ್ಜಿ ಹಾಕಿದ ನಿಮ್ಮ ಮೇಲೆ. ಸಾಲಮನ್ನಾ ಕೊಡಬೇಕೋ ಬೇಡವೋ ಎಂಬುದು ಅದರ ಕೈಯಲ್ಲಿದೆ. ಇನ್ನು ಗೊತ್ತಾಗುವುದಿಲ್ಲ ಎಂಬ ಮಾತು. ಇತ್ತೀಚಿನ ತೆರಿಗೆ ರಿಟರ್ನನ್ನು ಟ್ರಸ್ಟಿಗೆ ಕೊಡಲೇಬೇಕು, ಅದರಲ್ಲಿ ವಿದೇಶಿ ಖಾತೆಯ ಪ್ರಶ್ನೆಯಿದೆ. 2015ರ ಒಪ್ಪಂದದಡಿ ಅಮೆರಿಕದ ತೆರಿಗೆದಾರರ ಖಾತೆಗಳ ಮಾಹಿತಿ ಭಾರತದಿಂದ ಅಲ್ಲಿಗೆ ಹೋಗುತ್ತದೆ. ವೈರ್ ಮಾಡಿದ ಹಣದ ದಾಖಲೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿರುತ್ತದೆ. ಗೃಹಪ್ರವೇಶದ ಫೋಟೋ ಫೇಸ್‌ಬುಕ್ಕಿನಲ್ಲಿರುತ್ತದೆ. 2015ರಲ್ಲಿ ದಿವಾಳಿ ಅರ್ಜಿ ಹಾಕಿದ್ದ ರ್‍ಯಾಪ್ ಗಾಯಕ ಫಿಫ್ಟಿ ಸೆಂಟ್ ನೋಟಿನ ಕಂತೆಗಳೊಡನೆ ಇನ್‌ಸ್ಟಾಗ್ರಾಂನಲ್ಲಿ ಹಾಕಿಕೊಂಡ ಫೋಟೋಗಳಿಗೆ ನ್ಯಾಯಾಧೀಶರು ವಿವರಣೆ ಕೇಳಿದರು. ಅವು ನಾಟಕದ ನೋಟು ಎಂದು ಆತ ಹೇಳಬೇಕಾಯಿತು.

ಕೊಟ್ಟುಬಿಟ್ಟದ್ದೂ ಲೆಕ್ಕವೇ

ಅರ್ಜಿಗೆ ಮೊದಲು ಚಿನ್ನವನ್ನು ತಂಗಿಗೆ ಕೊಟ್ಟು, ಸೈಟನ್ನು ಅಣ್ಣನ ಹೆಸರಿಗೆ ದಾನಪತ್ರ ಮಾಡಿ 'ನನ್ನದೇನೂ ಇಲ್ಲ' ಎನ್ನುವುದು ಎಲ್ಲಕ್ಕಿಂತ ಕೆಟ್ಟ ಸಲಹೆ, ಮತ್ತು ಹಿತೈಷಿಗಳಿಂದಲೇ ಹೆಚ್ಚಾಗಿ ಬರುವ ಸಲಹೆ. 107ನೇ ನಮೂನೆ ಎರಡು ವರ್ಷದ ವರ್ಗಾವಣೆಗಳನ್ನು ಕೇಳುತ್ತದೆ. ಒಬ್ಬರಿಗೆ ಒಟ್ಟು 600 ಡಾಲರಿಗಿಂತ ಹೆಚ್ಚು ಉಡುಗೊರೆ ಕೊಟ್ಟಿದ್ದರೆ ಅದನ್ನೂ ಕೇಳುತ್ತದೆ. ಒಂದು ವರ್ಷದೊಳಗೆ ಮಾವನ ಸಾಲ ತೀರಿಸಿದ್ದರೆ ಟ್ರಸ್ಟಿ ಅದನ್ನು ಮಾವನಿಂದ ವಾಪಸು ಕೇಳಬಹುದು. ನಿಮ್ಮ ಕಷ್ಟವನ್ನು ಅವರ ಮನೆಗೂ ದಾಟಿಸಿದಂತೆ. ಸಾಲಿಗರಿಗೆ ವಂಚಿಸಲೆಂದು ಒಂದು ವರ್ಷದೊಳಗೆ ಆಸ್ತಿ ಸಾಗಿಸಿದ್ದು ಅಥವಾ ಸುಳ್ಳು ಪ್ರಮಾಣ ಮಾಡಿದ್ದು ಸಾಬೀತಾದರೆ ಸಾಲಮನ್ನಾವೇ ನಿರಾಕರಣೆಯಾಗುತ್ತದೆ. ಮನೆಯೂ ಖಾಲಿ, ಸಾಲವೂ ಹಾಗೇ.

ಆಸ್ತಿ ಮರೆಮಾಚುವುದು ಅಲ್ಲಿ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರಿನವರೆಗೆ ದಂಡದ ಅಪರಾಧ. ಬೇಸ್‌ಬಾಲ್ ತಾರೆಯಾಗಿದ್ದ ಲೆನ್ನಿ ಡೈಕ್ಸ್‌ಟ್ರಾ ತನ್ನ ಬಂಗಲೆಯ ಸಾಮಾನನ್ನೂ ಆಟದ ದಿನಗಳ ವಸ್ತುಗಳನ್ನೂ ಟ್ರಸ್ಟಿಗೆ ತಿಳಿಸದೆ ಸಾಗಿಸಿದ್ದಕ್ಕೆ 2012ರಲ್ಲಿ ಜೈಲು ಶಿಕ್ಷೆ ಅನುಭವಿಸಬೇಕಾಯಿತು. ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲಿರುವವರಿಗೆ ಇದರ ಪೆಟ್ಟು ದೊಡ್ಡದು. ದಿವಾಳಿ ಅರ್ಜಿ ಹಾಕಿದ್ದಕ್ಕೆ ಯಾರನ್ನೂ ದೇಶದಿಂದ ಕಳಿಸುವುದಿಲ್ಲ. ಆದರೆ ವಂಚನೆಯ ಅಪರಾಧ ಸಾಬೀತಾಗಿ ನಷ್ಟ 10,000 ಡಾಲರ್ ಮೀರಿದ್ದರೆ ಗಡೀಪಾರಿಗೆ ಕಾರಣವಾಗುತ್ತದೆ.

ಇದಕ್ಕಿಂತಲೂ ನನಗೆ ಮುಖ್ಯವಾಗಿ ಕಾಣುವ ನಿಯಮ ಒಂದಿದೆ, ವಕೀಲರಲ್ಲದವರಿಗೆ ಅದು ಅಷ್ಟಾಗಿ ಗೊತ್ತಿಲ್ಲ. ಪಟ್ಟಿಯಲ್ಲಿದ್ದು ಟ್ರಸ್ಟಿ ಮುಟ್ಟದ ಆಸ್ತಿ, ಪ್ರಕರಣ ಮುಗಿದ ದಿನ ತಾನಾಗಿ ನಿಮಗೆ ಮರಳುತ್ತದೆ. ಪಟ್ಟಿಯಲ್ಲಿಲ್ಲದ ಆಸ್ತಿ ಮರಳುವುದೇ ಇಲ್ಲ. ಹತ್ತು ವರ್ಷದ ಮೇಲೆ ಆ ಸೈಟು ಮಾರಿ ಹಣ ಅಮೆರಿಕಕ್ಕೆ ತಂದಾಗ ವಿಷಯ ಹೊರಬಿದ್ದರೆ, ಹಳೆಯ ಪ್ರಕರಣವನ್ನು ಮತ್ತೆ ತೆರೆಯಬಹುದು.

ಮರೆತದ್ದಕ್ಕೆ ಮದ್ದಿದೆ. ಪ್ರಕರಣ ಮುಗಿಯುವವರೆಗೆ ಯಾವಾಗ ಬೇಕಾದರೂ ತಿದ್ದುಪಡಿ ಸಲ್ಲಿಸುವ ಹಕ್ಕು ನಿಮಗಿದೆ. ಅರ್ಜಿ ಹಾಕಿ ಕೆಲವು ವಾರಗಳಲ್ಲಿ ಟ್ರಸ್ಟಿಯೊಡನೆ 341 ಸಭೆ ನಡೆಯುತ್ತದೆ, ಈಗ ಹೆಚ್ಚಾಗಿ ವಿಡಿಯೋದಲ್ಲಿ. ಪ್ರಮಾಣ ಮಾಡಿಸಿ, 'ನಿಮ್ಮ ಎಲ್ಲ ಆಸ್ತಿಯನ್ನೂ ಬರೆದಿದ್ದೀರಾ, ತಿದ್ದುವುದೇನಾದರೂ ಇದೆಯಾ' ಎಂದು ಕೇಳುತ್ತಾರೆ. ಆ ಸಭೆಗೆ ಮೊದಲೇ ನೀವಾಗಿ ತಿದ್ದಿದರೆ ಅದು ಮರೆವು. ಅವರು ಕಂಡುಹಿಡಿದ ಮೇಲೆ ತಿದ್ದಿದರೆ ಮರೆವೆಂದು ನಂಬಿಸುವುದು ಕಷ್ಟ.

ವಕೀಲರನ್ನು ಮೊದಲ ಸಲ ಕಾಣುವಾಗಲೇ ಊರಿನ ಆಸ್ತಿ, ಲಾಕರಿನ ಚಿನ್ನ, ಎರಡು ವರ್ಷದಲ್ಲಿ ಯಾರಿಗೆ ಏನು ಕೊಟ್ಟಿದ್ದೀರಿ ಎಂಬುದನ್ನೆಲ್ಲ ಹೇಳಿಬಿಡಿ. ಅವರು ಕೇಳದಿದ್ದರೂ ಹೇಳಿ. ಅಮೆರಿಕದ ವಕೀಲರಿಗೆ ಅವಿಭಕ್ತ ಕುಟುಂಬದ ಪಾಲೆಂದರೆ ಏನೆಂದು ಗೊತ್ತಿರಬೇಕೆಂದೇನಿಲ್ಲ. ಎಲ್ಲವನ್ನೂ ಎದುರಿಗಿಟ್ಟ ಮೇಲೆ ಚಾಪ್ಟರ್ 7 ಬೇಡ, 13 ಸಾಕು, ಅಥವಾ ಸಾಲಿಗರೊಡನೆ ಮಾತುಕತೆಯೇ ವಾಸಿ ಎಂದು ಅನ್ನಿಸಬಹುದು. ಈ ಆಯ್ಕೆ ಅರ್ಜಿ ಹಾಕುವವರೆಗೆ ಮಾತ್ರ ನಿರಾಳವಾಗಿ ನಿಮ್ಮ ಕೈಯಲ್ಲಿರುತ್ತದೆ. ಚಾಪ್ಟರ್ 7ರ ಅರ್ಜಿಯನ್ನು ಒಮ್ಮೆ ಹಾಕಿದರೆ, ಸರಿಯಾದ ಕಾರಣ ತೋರಿಸಿ ನ್ಯಾಯಾಲಯ ಒಪ್ಪದ ಹೊರತು ಹಿಂತೆಗೆದುಕೊಳ್ಳುವಂತಿಲ್ಲ.